ಹನ್ನೊಂದನೆಯದು

“ಹತ್ತು ಅಂದ್ರಲ್ಲ ಆಂಟಿ? ಇಲ್ಲಿ ಹನ್ನೊಂದು ತೋರಿಸ್ತಾ ಉಂಟು.”

ಹಾಲಿನ ನೆಲದ ಮೇಲೆ ಕಾಲು ಮಡಚಿ ಕುಳಿತಿದ್ದ ಶರ್ಮಿಳಾ ಫೋನಿನಿಂದ ತಲೆಯೆತ್ತದೆ ಹೇಳಿದಳು. ಫೋನು ಜಯಲತಾಳದು. ಹೊಸ ವೈಫೈ ಮನೆ ಯಾರದೋ ಅವರ ಫೋನಿನಿಂದಲೇ ಶುರುವಾಗಬೇಕು ಎಂದು ಶರ್ಮಿಳಾ ಅದನ್ನು ಕೇಳಿ ತೆಗೆದುಕೊಂಡಿದ್ದಳು.

ಬಾಗಿಲ ಬಳಿ ಒಂದು, ಫ್ರಿಜ್ಜಿನ ಮೇಲೊಂದು, ಒಳಗಿನ ಪ್ಯಾಸೇಜಿನಲ್ಲಿ ಒಂದು, ಹೀಗೆ ಮೂರು ಬಿಳಿ ಡಬ್ಬಿಗಳು. ಮೂರೂ ಒಂದಕ್ಕೊಂದು ಮಾತಾಡಿಕೊಂಡು ಇಡೀ ಮನೆಗೆ ಒಂದೇ ಬಲೆ ಹಾಸುತ್ತವೆ ಎಂದು ಅವಳು ವಿವರಿಸಿದ್ದಳು. ಹಳೆಯ ವೈಫೈ ಅಡುಗೆಮನೆಗೆ ಸರಿಯಾಗಿ ತಲುಪುತ್ತಿರಲಿಲ್ಲ. ಗ್ಯಾಸ್ ಸೋರಿದರೆ ಕೂಗಿಕೊಳ್ಳುವ ಯಂತ್ರವನ್ನು ಮಗ ಸಮಿತ್ ತಂದು ಗೋಡೆಗೆ ಹಚ್ಚಿದ್ದನಾದರೂ ಅದು ದಿನಕ್ಕೆ ನಾಲ್ಕು ಸಲ ಸಂಪರ್ಕ ಕಡಿದುಕೊಂಡು ಸುಮ್ಮನಾಗಿಬಿಡುತ್ತಿತ್ತು. ಹೊಸ ವೈಫೈ ಹಾಕಿಸೋಣವೆಂದರೆ ಅವನು “ಮೈ ಖುದ್ ಕರೂಂಗಾ ಮಮ್ಮಿ”, ತಾನೇ ಮಾಡುತ್ತೇನೆ ಎಂದು ಎರಡು ಸಲ ಮುಂದೂಡಿದ್ದ. ಕಳೆದ ವಾರ ಎದುರಿನ ಬಿಲ್ಡಿಂಗಿನಲ್ಲಿ ಸಿಲಿಂಡರ್ ಸೋರಿ ಇಬ್ಬರು ಆಸ್ಪತ್ರೆ ಸೇರಿದ ಮೇಲೆ ಜಯಲತಾ ಕಾಯಲಿಲ್ಲ. ಮಗನಿಗೂ ಹೇಳದೆ ಡೊಂಬಿವಲಿ ಸ್ಟೇಷನ್ ಹತ್ತಿರದ ಅಂಗಡಿಗೆ ಫೋನು ಮಾಡಿದ್ದಳು. ಬಂದವಳು ಹೆಂಗಸು, ಮೇಲಾಗಿ ಮೂಲ ಉಡುಪಿ ಕಡೆಯವಳು. ದಿವಾದಲ್ಲಿ ಹುಟ್ಟಿ ಬೆಳೆದರೂ ಕನ್ನಡ ಬಿಟ್ಟಿರಲಿಲ್ಲ. ಜಯಲತಾ ಖುಷಿಯಿಂದ ಎರಡನೇ ಸಲ ಚಹಾಕ್ಕಿಟ್ಟಿದ್ದಳು.

“ಹತ್ತೇ ಮಾರಾಯ್ತಿ. ಬಲ್ಬು ಮೂರು, ಬೆಲ್ಲು, ಗೀಸರು, ಎಸಿ, ಟಿವಿ, ಗ್ಯಾಸಿಂದು, ಮತ್ತೆ ಆ ಹಾಡು ಹೇಳುವ ಸ್ಪೀಕರು. ನನ್ನ ಫೋನು ಸೇರಿ ಹತ್ತಾಯ್ತಲ್ಲ.”

“ಹಳೇ ಹೆಸರು, ಹಳೇ ಪಾಸ್‌ವರ್ಡೇ ಇಟ್ಟಿದ್ದೇನೆ. ಹಾಗಾಗಿ ಮನೆಯಲ್ಲಿದ್ದದ್ದೆಲ್ಲ ತನ್ನಿಂದ ತಾನೇ ಬಂದು ಸೇರ್ತದೆ. ಈ ಕೊನೇದಕ್ಕೆ ಹೆಸರಿಲ್ಲ, ಬರೀ ನಂಬರು.”

“ಅಕ್ಷಯಾಂದಿರಬಹುದು. ಒಳಗಿನ ಕೋಣೆ ಬಾಡಿಗೆಗೆ ಕೊಟ್ಟಿದ್ದೇನಲ್ಲ, ಗದಗದ ಹುಡುಗಿ. ಕಲ್ಯಾಣದಲ್ಲಿ ಲ್ಯಾಬಲ್ಲಿ ಕೆಲಸ.”

“ಅವರ ಫೋನು ಅವರೊಟ್ಟಿಗೇ ಹೋಗಿರ್ತದಲ್ಲ. ಲ್ಯಾಪ್‌ಟಾಪ್ ಉಂಟಾ?”

“ಇಲ್ಲ.”

ಶರ್ಮಿಳಾ ಪರದೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು ಬಂದು, ಫೋನನ್ನು ಜಯಲತಾಳ ಕಡೆ ತಿರುಗಿಸಿ, ದನಿ ತಗ್ಗಿಸಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಆಂಟಿ, ಇದು ಬೆಲ್ಲಿನ ಕ್ಯಾಮೆರಾ. ಎಷ್ಟೊಂದು ಡೇಟಾ ಹೊರಗೆ ಕಳಿಸ್ತಾ ಉಂಟು ನೋಡಿ. ಬಲ್ಬು ಏನೂ ಕಳಿಸುದಿಲ್ಲ. ಈ ಹನ್ನೊಂದನೇದು ಬೆಲ್ಲಿನಷ್ಟೇ ಕಳಿಸ್ತದೆ. ಪ್ಯಾಸೇಜಿನ ಡಬ್ಬಿಗೆ ಸೇರಿಕೊಂಡಿದೆ, ಸಿಗ್ನಲ್ ಫುಲ್ ಉಂಟು. ಅಂದರೆ ಅಲ್ಲೇ ಎಲ್ಲೋ ಹತ್ತಡಿ ಒಳಗೆ.”

“ಎಂತದು ಅದು?”

“ನನಗೆ ಗೊತ್ತಿಲ್ಲ. ಕ್ಯಾಮೆರಾದ ಹಾಗೆ ಕಾಣ್ತದೆ.”

ಪ್ಯಾಸೇಜಿನಲ್ಲಿ ಇದ್ದದ್ದು ಎರಡೇ ಬಾಗಿಲು. ಒಂದು ಬಚ್ಚಲುಮನೆಯದು, ಇನ್ನೊಂದು ಅಕ್ಷಯಾಳ ಕೋಣೆಯದು. ಬಚ್ಚಲುಮನೆಯಲ್ಲಿ ಜಯಲತಾ ಬಕೆಟ್ಟು, ಗೀಸರಿನ ಹಿಂಬದಿ, ಕನ್ನಡಿಯ ಅಂಚು ಎಲ್ಲ ಸವರಿ ನೋಡಿದಳು. ಏನೂ ಇರಲಿಲ್ಲ. ಶರ್ಮಿಳಾ ಕೋಣೆಯ ಹೊಸ್ತಿಲಲ್ಲೇ ನಿಂತಿದ್ದಳು. “ಅವರಿಲ್ಲದಾಗ ನಾನು ಒಳಗೆ ಬರುದಿಲ್ಲ ಆಂಟಿ. ನೀವು ನೋಡಿ.”

ಬಾಗಿಲು ಬರೀ ಮುಚ್ಚಿತ್ತು. ಬೀಗ ಹಾಕುವ ಅಭ್ಯಾಸ ಅಕ್ಷಯಾಳಿಗಿರಲಿಲ್ಲ. ಬಂದ ಹೊಸತರಲ್ಲಿ ಜಯಲತಾ ಬೀಗದ ಕೈ ಕೊಡಲು ಹೋದಾಗ “ಬ್ಯಾಡ್ರಿ ಆಂಟಿ, ಮನಿ ಇದ್ದಂಗ ಅದ” ಎಂದಿದ್ದಳು. ಮಂಚದ ಮೇಲೆ ಮಡಚಿಟ್ಟ ಚಾದರ. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿದ್ದ ಎರಡು ಕುರ್ತಾ. ಕಪಾಟಿನ ಪಕ್ಕದ ಸಾಕೆಟ್ಟಿನಲ್ಲಿ ಬಿಳಿಯ ಚಾರ್ಜರೊಂದು ಸಿಕ್ಕಿಕೊಂಡಿತ್ತು, ವೈರಿಲ್ಲದೆ.

ಜಯಲತಾ ಬಗ್ಗಿ ನೋಡಿದಳು. ಚಾರ್ಜರಿನ ಮುಖದಲ್ಲಿ ಸಾಸಿವೆಗಿಂತ ಸಣ್ಣ ಕರಿಯ ತೂತು. ಅದರೊಳಗೆ ಗಾಜು ಹೊಳೆಯಿತು.

ಅವಳು ಮಂಚದ ಅಂಚಿನಲ್ಲಿ ಕುಳಿತಳು. ಕುಳಿತ ಮೇಲೆ, ತಾನು ಅದರ ಎದುರಿಗೇ ಇದ್ದೇನೆ ಎಂದು ತಿಳಿದು ಎದ್ದು ಪಕ್ಕಕ್ಕೆ ಸರಿದಳು. ಜುಲೈಯಲ್ಲಿ, ಅಕ್ಷಯಾ ಊರಿಗೆ ಹೋಗಿದ್ದ ವಾರ, ಈ ಕೋಣೆಯ ಸಾಕೆಟ್ಟು ಸುಟ್ಟಿದೆ ಎಂದು ಸಮಿತ್ ತಾನೇ ರಿಪೇರಿ ಮಾಡಿದ್ದ. ಕಪಾಟು ಅಡ್ಡ ಬರುತ್ತದೆ, ಸರಿಸಬೇಕು ಎಂದಿದ್ದ. ಕಪಾಟಿನ ಒಂದು ತುದಿ ಅವನು ಹಿಡಿದಿದ್ದರೆ ಇನ್ನೊಂದು ತುದಿ ಹಿಡಿದವಳು ಅವಳೇ. “ಗಾಳಿ ಚೆನ್ನಾಗಿ ಬರ್ತದೆ ಈಗ” ಎಂದು ಮಂಚವನ್ನು ಈ ಕಡೆಗೆ ತಿರುಗಿಸಿದವಳೂ ಅವಳೇ.

ಕೀಳಲೆಂದು ಕೈ ಚಾಚಿದಳು. ಹೊಸ್ತಿಲಿನಿಂದ ಶರ್ಮಿಳಾ ಅಂದಳು, “ತಡೀರಿ. ಒಳಗೆ ಮೆಮೊರಿ ಕಾರ್ಡ್ ಇರಬಹುದು. ಇದು ಯಾರ ಫೋನಿಗೆ ಹೋಗ್ತದೋ ಅವರು ಅಲ್ಲಿಂದಲೇ ಎಲ್ಲ ಅಳಿಸಬಹುದು. ಇಲ್ಲಿ ನಿಮ್ಮ ಫೋನಲ್ಲಿ ‘ನಿಲ್ಲಿಸು’ ಅಂತ ಉಂಟು. ಇದನ್ನು ಒತ್ತಿದರೆ ಇದೊಂದಕ್ಕೆ ವೈಫೈ ಬಂದ್. ನೋಡ್ಲಿಕ್ಕೂ ಆಗುದಿಲ್ಲ, ಅಳಿಸ್ಲಿಕ್ಕೂ ಆಗುದಿಲ್ಲ. ಆದರೆ ಒತ್ತುದು ನಾನಲ್ಲ. ನಿಮ್ಮ ಮನೆ, ನಿಮ್ಮ ಹೆಸರು.”

ಜಯಲತಾಳ ಬೆರಳು ಪರದೆಯ ಮೇಲೆ ಒಂದು ಸಲ ತಪ್ಪಿ ಬೇರೆಲ್ಲೋ ಬಿತ್ತು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಒತ್ತಿದಳು. ಹನ್ನೊಂದನೆಯ ಸಾಲು ಬೂದುಬಣ್ಣಕ್ಕೆ ತಿರುಗಿತು.

ಎರಡು ನಿಮಿಷವೂ ಆಗಿರಲಿಲ್ಲ, ಅದೇ ಫೋನು ಅವಳ ಕೈಯಲ್ಲೇ ಅದುರತೊಡಗಿತು. ಸಮಿತ್.

“ಮಮ್ಮಿ, ಘರ್ ಪೆ ಕೋನ್ ಆಯಾ ಹೈ? ವೈಫೈ ಕೊ ಕಿಸ್ನೆ ಹಾಥ್ ಲಗಾಯಾ?” ಮನೆಗೆ ಯಾರು ಬಂದಿದ್ದಾರೆ, ವೈಫೈಗೆ ಕೈ ಹಚ್ಚಿದ್ದು ಯಾರು ಎಂದು ಹಿಂದಿಯಲ್ಲೇ ಕೇಳಿದ.

ಆ ಹೊತ್ತಿಗೆ ಅವನು ಐರೋಲಿಯ ಆಫೀಸಿನಲ್ಲಿರುತ್ತಾನೆ. ಶನಿವಾರದ ಶಿಫ್ಟಿನಲ್ಲಿ ಒಂದು ಸಲವೂ ಮನೆಗೆ ಫೋನು ಮಾಡಿದವನಲ್ಲ.

“ಅಂಗಡಿಯವರು ಬಂದಿದ್ದಾರೆ. ಹೊಸದು ಹಾಕಿಸಿದೆ.”

“ಮೈನೆ ಬೋಲಾ ಥಾ ನಾ, ಮೈ ಕರೂಂಗಾ!” ಅವನು ಉಸಿರು ಎಳೆದುಕೊಳ್ಳುವುದು ಕೇಳಿಸಿತು. “ಠೀಕ್ ಹೈ. ಅಕ್ಷಯಾ ಕೆ ರೂಮ್ ಮೆ ಕಿಸೀ ಕೊ ಮತ್ ಜಾನೆ ದೇನಾ.” ಆ ಕೋಣೆಗೆ ಯಾರನ್ನೂ ಬಿಡಬೇಡ ಎಂದ.

“ನಾನೇ ಹೋಗಿದ್ದೆ ಸಮಿತ್. ಸಾಕೆಟ್ಟಲ್ಲಿ ಇದ್ದದ್ದು ನೋಡಿದೆ.”

ಆ ಕಡೆ ಯಾರೋ ನಗುವ ಸದ್ದು, ಕುರ್ಚಿ ಎಳೆದ ಸದ್ದು, ಒಂದು ಬಾಗಿಲು ಮುಚ್ಚಿಕೊಂಡ ಸದ್ದು. ಆಮೇಲೆ ಅವನ ಪಿಸುಮಾತು. “ಮಮ್ಮಿ, ಸುನೋ. ವೋ ಸೇಫ್ಟಿ ಕೆ ಲಿಯೇ ಥಾ.”

“ಯಾರ ಸೇಫ್ಟಿ?”

“ಉಸ್ಕೊ ಮತ್ ಬತಾನಾ. ಮೈ ನಿಕಲ್ ರಹಾ ಹೂಂ. ಏಕ್ ಘಂಟೆ ಮೆ ಸಬ್ ನಿಕಾಲ್ ದೂಂಗಾ, ಸಬ್ ಡಿಲೀಟ್.” ಅಕ್ಷಯಾಳಿಗೆ ಹೇಳಬೇಡ, ಒಂದು ಗಂಟೆಯಲ್ಲಿ ಬಂದು ಎಲ್ಲ ತೆಗೆದು ಅಳಿಸಿಬಿಡುತ್ತೇನೆ ಎಂದ. ಆಮೇಲೆ ಅವನು, ನಾಲ್ಕನೇ ಕ್ಲಾಸಿನಿಂದ ಈಚೆಗೆ ಕನ್ನಡದಲ್ಲಿ ಉತ್ತರ ಕೊಡದವನು, ಒಂದೊಂದೇ ಶಬ್ದ ಹುಡುಕಿಕೊಂಡು ಅಂದ, “ಅಮ್ಮಾ. ನಾನು ನಿಂದು ಮಗ ಅಲ್ವಾ.”

ಅವಳು ಫೋನು ಕಿವಿಯಿಂದ ತೆಗೆದಳು. ಕರೆ ಕಡಿದದ್ದು ಅವಳೋ ಅವನೋ ತಿಳಿಯಲಿಲ್ಲ.

ಶರ್ಮಿಳಾ ಹಾಲಿಗೆ ಹೋಗಿ ಹಳೆಯ ರೌಟರಿನ ವೈರು ಸುತ್ತತೊಡಗಿದ್ದಳು. ಜಯಲತಾ ಬಂದು ಅವಳ ಎದುರು ನೆಲದ ಮೇಲೆಯೇ ಕುಳಿತಳು.

“ನಿನಗೆ ಅಂಗಡಿಯ ಕಾಗದದಲ್ಲಿ ಹತ್ತೇ ಇತ್ತು ಅಂತ ಬರೀಲಿಕ್ಕೆ ಆಗ್ತದಾ?”

ಶರ್ಮಿಳಾ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಇವರು ಹೋಗಿ ನಾಲ್ಕು ವರ್ಷ ಆಯ್ತು. ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿ ಕ್ಯಾಂಟೀನಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದರು. ಒಬ್ಬನೇ ಮಗ. ನಾನು ಅದನ್ನು ಕಿತ್ತು ಖಾಡಿಯ ನೀರಿಗೆ ಬಿಸಾಡ್ತೇನೆ. ಅವನ ಕೆನ್ನೆಗೆ ಬಾರಿಸ್ತೇನೆ. ಆ ಹುಡುಗಿಗೆ ಬೇರೆ ಕಡೆ ಒಳ್ಳೆ ರೂಮು ನೋಡಿಕೊಡ್ತೇನೆ. ಅವಳಿಗೆ ಗೊತ್ತಾಗುದೇ ಬೇಡ. ಗೊತ್ತಾದರೆ ಅವಳಿಗೂ ಕಷ್ಟವೇ ಅಲ್ವಾ?”

“ನಾನು ಹತ್ತು ಅಂತಲೇ ಬರೀಬಹುದು ಆಂಟಿ,” ಶರ್ಮಿಳಾ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅಂಗಡಿಯವರಿಗೆ ಅದೇ ಬೇಕಾದ್ದು, ತಕರಾರು ಬೇಡ ಅವರಿಗೆ. ಆದರೆ ಜುಲೈಯಿಂದ ಅದು ಕಳಿಸಿದ್ದೆಲ್ಲ ಎಲ್ಲೆಲ್ಲಿಗೆ ಹೋಯ್ತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾಳೆ ಯಾವನೋ ಒಬ್ಬ ಆ ಹುಡುಗಿಗೆ ಫೋನಲ್ಲಿ ತೋರಿಸಿದರೆ? ಆಗ ಅವಳಿಗೆ ಎಂತ ಹೇಳುದು?”

ಜಯಲತಾ ಗಡಿಯಾರ ನೋಡಿದಳು. ಮೂರೂ ಮುಕ್ಕಾಲು. ಐರೋಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ. ಫಾಸ್ಟ್ ಟ್ರೇನು ಸಿಕ್ಕರೆ ಒಂದು ಗಂಟೆಯೂ ಬೇಡ. ಅವನು ಬಂದು ಕಾಲು ಹಿಡಿಯುತ್ತಾನೆ, ಅಳುತ್ತಾನೆ. ಅವನು ಅತ್ತರೆ ತಾನು ತಡೆದುಕೊಳ್ಳುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಬಾಗಿಲ ಬೆಲ್ಲು ಬಾರಿಸಿತು. ಹಾಲಿನ ಸ್ಪೀಕರಿನಲ್ಲೂ ಅವಳ ಕೈಯ ಫೋನಿನಲ್ಲೂ ಒಟ್ಟಿಗೇ ಬಾರಿಸಿತು. ಫೋನಿನ ಪರದೆಯ ಮೇಲೆ ಅಕ್ಷಯಾಳ ಮುಖ ಮೂಡಿತು, ಬಿಸಿಲಿಗೆ ಕೆಂಪಾಗಿ, ಬಾಗಿಲು ತೆರೆಯುವುದನ್ನು ಕಾಯುತ್ತಾ, ಕಣ್ಣ ಕೆಳಗಿನ ಬೆವರು ಒರೆಸಿಕೊಳ್ಳುತ್ತಾ. ಯಾರೋ ತನ್ನನ್ನು ನೋಡುತ್ತಿದ್ದಾರೆಂಬುದು ಆ ಮುಖಕ್ಕೆ ಗೊತ್ತಿರಲಿಲ್ಲ. ಜಯಲತಾಳಿಗೆ ಅದನ್ನು ನೋಡಲಾಗಲಿಲ್ಲ. ಫೋನನ್ನು ನೆಲದ ಮೇಲೆ ಬೋರಲು ಹಾಕಿ, ಎದ್ದು ಹೋಗಿ ಬಾಗಿಲು ತೆರೆದಳು.

“ಸೀತಾಫಲ ತಂದೀನ್ರಿ ಆಂಟಿ, ಕಲ್ಯಾಣದಾಗ ಭಾಳ ಚಲೋ ಬಂದಾವ,” ಎನ್ನುತ್ತಾ ಒಳಗೆ ಬಂದ ಅಕ್ಷಯಾ ಚೀಲವನ್ನು ಅವಳ ಕೈಗೆ ಕೊಡಲು ಹೋದಳು.

ಜಯಲತಾ ತೆಗೆದುಕೊಳ್ಳಲಿಲ್ಲ. “ಅಕ್ಷಯಾ, ನಿನ್ನ ರೂಮಲ್ಲಿ ಕ್ಯಾಮೆರಾ ಉಂಟು. ಸಮಿತ್ ಇಟ್ಟದ್ದು. ನನಗೆ ಈಗ ಗೊತ್ತಾಯ್ತು.”

ಒಂದೇ ಉಸಿರಿಗೆ ಹೇಳಿದಳು. ನಿಲ್ಲಿಸಿದರೆ ಮುಂದಿನ ಮಾತು ಬರುತ್ತದೆಂಬ ನಂಬಿಕೆ ಇರಲಿಲ್ಲ.

ಅಕ್ಷಯಾ ನಗಲು ಹೊರಟವಳು ಶರ್ಮಿಳಾಳ ಮುಖ ನೋಡಿ ನಿಂತಳು. ಚಪ್ಪಲಿ ಕಳಚದೆ ಸೀದಾ ಕೋಣೆಗೆ ಹೋದಳು. ಜಯಲತಾ ಬಾಗಿಲ ಬಳಿ ಹೋದಾಗ ಅವಳು ಗೋಡೆಗೆ ಬೆನ್ನೊತ್ತಿ, ಚೀಲವನ್ನು ಎದೆಗೆ ಅಪ್ಪಿ ನಿಂತಿದ್ದಳು.

“ಎಷ್ಟ್ ದಿನಾತ್ರಿ?”

“ಜುಲೈಯಿಂದ.”

ಅಕ್ಷಯಾಳ ತುಟಿ ಸದ್ದಿಲ್ಲದೆ ಏನನ್ನೋ ಲೆಕ್ಕ ಹಾಕಿತು.

“ನಿಮಗ ಗೊತ್ತಿತ್ತೇನ್ರಿ?”

“ಇಲ್ಲ. ಆದರೆ ಕಪಾಟು ಸರಿಸುವಾಗ ಇನ್ನೊಂದು ಕಡೆ ಹಿಡಿದದ್ದು ನಾನೇ. ಮಂಚ ತಿರುಗಿಸಿದ್ದೂ ನಾನೇ.”

ಜಯಲತಾ ಕೈ ಮುಂದೆ ಚಾಚಿದಳು. “ಮುಟ್ಟಬ್ಯಾಡ್ರಿ ನನ್ನ,” ಎಂದಳು ಅಕ್ಷಯಾ. ಕೂಗಲಿಲ್ಲ. ಚೀಲವನ್ನು ಕೆಳಗಿಟ್ಟು, ತನ್ನ ಫೋನು ತೆಗೆದು, ಸಾಕೆಟ್ಟಿನ ಫೋಟೋ ತೆಗೆದಳು. ದೂರದಿಂದ ಒಂದು, ಹತ್ತಿರದಿಂದ ಎರಡು, ಮಂಚವೂ ಕಾಣುವಂತೆ ಒಂದು. ಶರ್ಮಿಳಾ ಹೊಸ್ತಿಲಿನಿಂದ ಹೇಳಿಕೊಟ್ಟಂತೆ ವೀಡಿಯೊ ಮಾಡಿಕೊಳ್ಳುತ್ತಲೇ ಆ ಚಾರ್ಜರನ್ನು ಕಿತ್ತು ಕರವಸ್ತ್ರದಲ್ಲಿ ಸುತ್ತಿದಳು. ಆಮೇಲೆ ಒಮ್ಮೆಲೇ ಮಂಡಿಯೂರಿ ಕುಳಿತು, ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಇಬ್ಬರು ಹೆಂಗಸರೂ ನಿಂತಲ್ಲೇ ನಿಂತಿದ್ದರು.

“ಪೊಲೀಸರ ಕಡೆ ಹೋಗ್ತೀನಿ,” ಅವಳು ಎದ್ದಳು.

“ನಾನೂ ಬರ್ತೇನೆ.”

“ನೀವ್ಯಾಕ್ರಿ? ದಾರ್ಯಾಗ ಬ್ಯಾಡ ಅನ್ನಾಕ?”

“ಇಟ್ಟದ್ದು ಯಾರು ಅಂತ ಹೇಳ್ಲಿಕ್ಕೆ,” ಜಯಲತಾ ಅಂದಳು. “ನೀನು ಹೇಳಿದರೆ ಅವರು ಹತ್ತು ಪ್ರಶ್ನೆ ಕೇಳ್ತಾರೆ. ನಾನು ಹೇಳಿದರೆ ಕೇಳ್ಲಿಕ್ಕೆ ಏನಿರ್ತದೆ?”

ಶರ್ಮಿಳಾ ತನ್ನ ನಂಬರನ್ನು ಅಕ್ಷಯಾಳ ಫೋನಿಗೆ ಹಾಕಿದಳು. “ಏನು ಕಂಡೆನೋ ಅದನ್ನು ಬಂದು ಹೇಳ್ತೇನೆ. ಯಾವಾಗ ಕರೆದರೂ.” ಅಂಗಡಿಯವರು ಏನನ್ನುತ್ತಾರೆಂದು ಯಾರೂ ಕೇಳಲಿಲ್ಲ. ಮೂವರೂ ಒಟ್ಟಿಗೆ ಮೆಟ್ಟಿಲಿಳಿದರು. ಗೇಟಿನ ಬಳಿ ಶರ್ಮಿಳಾ ಸ್ಟೇಷನ್ನಿನ ಕಡೆಗೆ ತಿರುಗಿದಳು.

ರಿಕ್ಷಾದಲ್ಲಿ ಅಕ್ಷಯಾ ಒಂದು ಅಂಚಿಗೆ ಒತ್ತಿ ಕುಳಿತಳು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಜಯಲತಾಳ ಫೋನು ಬ್ಯಾಗಿನೊಳಗೆ ಅದುರಿ ನಿಲ್ಲುತ್ತಿತ್ತು, ಮತ್ತೆ ಅದುರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಅದನ್ನು ತೆಗೆದು ನೋಡಿದಳು. ಒಂಬತ್ತು ಕರೆ. ಕೊನೆಯಲ್ಲಿ ಸಮಿತ್‌ನ ಒಂದು ಹಿಂದಿ ಮೆಸೇಜು, ಠಾಣೆಯಲ್ಲಿ ಡೊಂಬಿವಲಿ ಟ್ರೇನು ಹತ್ತಿದೆ ಎಂದು. ಅವಳು ಫೋನನ್ನು ಮತ್ತೆ ಒಳಗಿಟ್ಟು ಝಿಪ್ ಎಳೆದಳು. ರಿಕ್ಷಾದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಕ್ಷಯಾ ಅದನ್ನು ಕಂಡಳು. ಹೊರಗಿನ ರಸ್ತೆಯ ಕಡೆ ಮುಖ ಮಾಡಿದಳು.

ಪೊಲೀಸ್ ಠಾಣೆಯಲ್ಲಿ ಮೊದಲು ಒಬ್ಬ ಗಂಡಸು ಕೇಳಿದ, ಆಮೇಲೆ ಇನ್ನೊಬ್ಬ. ಕಡೆಗೆ ಒಳಗಿನ ಕೋಣೆಯಲ್ಲಿ ಒಬ್ಬಳು ಮಹಿಳಾ ಕಾನ್‌ಸ್ಟೇಬಲ್ ಕುರ್ಚಿ ಎಳೆದು ಕೂರಿಸಿ, ಬಾಗಿಲು ಮುಚ್ಚಿ, ಕಾಗದ ತೆಗೆದುಕೊಂಡಳು. ಅಕ್ಷಯಾ ಹಿಂದಿಯಲ್ಲಿ ಹೇಳಿದಳು. ಅಲ್ಲಲ್ಲಿ ಮಾತು ನಿಂತಾಗ ಕಾನ್‌ಸ್ಟೇಬಲ್ ಅವಸರಪಡಿಸಲಿಲ್ಲ, ಪೆನ್ನು ಎತ್ತಿ ಹಿಡಿದು ಕಾದಳು. ಕರವಸ್ತ್ರ ಮೇಜಿನ ಮೇಲಿತ್ತು.

“ಮುಲಾಚ ಪೂರ್ಣ ನಾವ್?” ಹುಡುಗನ ಪೂರ್ತಿ ಹೆಸರು ಕೇಳಿದಳು.

ಅಕ್ಷಯಾ ಜಯಲತಾಳ ಕಡೆ ನೋಡಿದಳು, ಆ ಸಂಜೆಯಲ್ಲಿ ಮೊದಲ ಸಲ ನೆಟ್ಟಗೆ.

“ಸಮಿತ್ ರಮಾಕಾಂತ ಸುವರ್ಣ,” ಜಯಲತಾ ಹೇಳಿದಳು.

“ತುಮ್ಹಿ ಕೋಣ್ ತ್ಯಾಚ್ಯಾ?” ನೀವು ಅವನಿಗೆ ಏನಾಗಬೇಕೆಂದು ಕೇಳಿದಳು.

“ಆಯಿ.” ತಾಯಿ ಎಂದಳು.

ಕಾನ್‌ಸ್ಟೇಬಲ್ ಒಂದು ಕ್ಷಣ ಅವಳ ಮುಖ ನೋಡಿ, ತಲೆ ತಗ್ಗಿಸಿ ಬರೆದುಕೊಂಡಳು. ಮೂವತ್ತು ವರ್ಷದಿಂದ ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಓದಿ ಓದಿ ಜಯಲತಾಳಿಗೆ ಮರಾಠಿ ಅಕ್ಷರ ಪರಿಚಯವಿತ್ತು. ತಲೆಕೆಳಗಾಗಿ ಕಂಡರೂ ಓದಲು ಬಂತು. ಕಾನ್‌ಸ್ಟೇಬಲ್ ಬರೆದದ್ದು ‘ಸುಮಿತ್’ ಎಂದು. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು, ಶಾಲೆಯಲ್ಲಿ, ರೇಷನ್ ಆಫೀಸಿನಲ್ಲಿ.

ಪೆನ್ನು ಮುಂದಿನ ಸಾಲಿಗೆ ಸರಿದಿತ್ತು. ಹೊರಗೆ ಯಾರದ್ದೋ ಬೈಕು ಶುರುವಾಗಿ ದೂರವಾಯಿತು. ಬ್ಯಾಗಿನೊಳಗೆ ಫೋನು ಮತ್ತೆ ಅದುರಿ, ಸುಮ್ಮನಾಯಿತು.

“ಸುಮಿತ್ ನಾಹಿ,” ಜಯಲತಾ ಅಂದಳು. ಬಗ್ಗಿ, ಕಾಗದದ ಮೇಲೆ ಬೆರಳಿಟ್ಟು ತೋರಿಸಿದಳು. “ಸಮಿತ್.”

ಕಾನ್‌ಸ್ಟೇಬಲ್ ‘ಸು’ವಿನ ಕೆಳಗಿನ ಕೊಂಬನ್ನು ಎರಡು ಸಲ ಒತ್ತಿ ಹೊಡೆದು ಹಾಕಿದಳು. ಕಾಗದ ಅಲ್ಲಿ ಸಣ್ಣಗೆ ಹರಿಯಿತು. ಅದನ್ನು ಹೆಬ್ಬೆರಳಿನಿಂದ ಸವರಿ ಸಮ ಮಾಡಿ, ಅವಳು ಮುಂದೆ ಬರೆಯತೊಡಗಿದಳು.