ದವಡೆಯೊಳಗಿನ ದೊಡ್ಡಮಾದಯ್ಯ

ಹಲ್ಲುನೋವು ಹಗೆಯವನಿಗೂ ಬೇಡ. ಅದರಲ್ಲೂ ಮಾದೇಶನಿಗೆ ಬಂದಂಥದ್ದು ಯಾರಿಗೂ ಬೇಡವೇ ಬೇಡ. ಹಂಗಳದ ಮಾದೇಶ ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ಈಗ ಅವನ ದವಡೆಹಲ್ಲು ಮಾತಾಡಲು ಶುರುಮಾಡಿತ್ತು. ದನಿ ದೊಡ್ಡಮಾದಯ್ಯನದು. ಹದಿನೈದು ವರ್ಷ ಜೊತೆಗೆ ಕುಡಿದವನು, ಹೋದ ವರ್ಷ ಲಿವರ್ ಕೆಟ್ಟು ಸತ್ತವನು.

"ಅಟ್ಟದ ಮ್ಯಾಲೆ, ರಾಗಿ ಗುಡಾಣದ ಹಿಂದೆ ಒಂದು ಬಾಟ್ಲಿ ಅದೆ ಕಣ್ಲಾ. ಹತ್ತೀಲಿ ಒಂದ್ ತೊಟ್ಟು ಅದ್ದಿ ಅಮುಕ್ಕೊ. ನೋವು ಓಯ್ತದೆ."

ನಡುಮಧ್ಯಾಹ್ನ. ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದ ತಾಯಿಯನ್ನು ಮಾದೇಶ ಕೇಳಿದ: "ಅವ್ವ, ಗುಡಾಣದ ಹಿಂದೆ ಏನ್ ಮಡ್ಗಿದ್ದೀಯೆ?"

ಸಣ್ಣತಾಯಮ್ಮನ ಕೈ ನಿಂತಿತು. "ನಿಂಗೆ ಯಾರ್ಲಾ ಏಳುದ್ರು? ನಿನ್ ನೋವು ನೋಡ್ನಾರ್ದೆ ಬೆಳಿಗ್ಗೆ ಬ್ರಾಂದಿ ತರುಸ್ದೆ. ಹಲ್ಲಿಗೆ ಅದೇ ಅಲ್ವಾ ಮದ್ದು? ಕೊಡಕ್ಕೆ ಧೈರ್ಯ ಸಾಲ್ದೆ ಬಚ್ಚಿಟ್ಬುಟ್ಟೆ."

ಅಯ್ಯೋ, ಹೆತ್ತ ಕರುಳೇ! ಒಂದು ತೊಟ್ಟಿನಲ್ಲಿ ಎಂಟು ತಿಂಗಳೂ ಮುಳುಗಿಹೋಗುತ್ತದೆಂದು ಅದಕ್ಕೇನು ಗೊತ್ತು? ಮಾದೇಶ ಅಟ್ಟದ ಕಡೆ ನೋಡಲಿಲ್ಲ. ದವಡೆಗೆ ಟವೆಲು ಸುತ್ತಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದ.

ಹಲ್ಲಿನ ಡಾಕ್ಟರು ಬೃಂದಾ ಬಾಯಿ ನೋಡಿ, "ಕುಡಿತೀರಾ?" ಎಂದು ಕೇಳಿದರು.

"ಕುಡುದೇ ಇಲ್ಲ ಅಂತನ್ನು ಕಣ್ಲಾ, ಮಾನ ಓಯ್ತದೆ," ಅಂದಿತು ಹಲ್ಲು.

ಮಾದೇಶನಿಗೆ ನಾಚಿಕೆಯಾಯಿತು, ಆದರೂ ಹೇಳಿಬಿಟ್ಟ. "ಕುಡೀತಿದ್ದೆ ಮೇಡಂ. ಬುಟ್ಟು ಎಂಟ್ ತಿಂಗ್ಳಾಯ್ತು. ಮತ್ತು ಬರೋ ಮಾತ್ರೆ ಕೊಡ್ಬ್ಯಾಡಿ, ನಿಮ್ಮ ದಮ್ಮಯ್ಯ."

"ಹೇಳಿದ್ದು ಒಳ್ಳೇದಾಯ್ತು." ಡಾಕ್ಟರು ಚೀಟಿ ಬರೆದರು. ಮತ್ತು ಬಾರದ ಮಾತ್ರೆ, ಸ್ಪಿರಿಟ್ ಇಲ್ಲದ ಬಾಯಿ ತೊಳೆಯುವ ಔಷಧಿ, ನಾಳೆಯಿಂದ ಉಪ್ಪುನೀರು, ದಿನಕ್ಕೆರಡು ಸಲ ಬ್ರಷ್ಷು. ಆಮೇಲೆ ಸೂಜಿ ಚುಚ್ಚಿ ಹಲ್ಲು ಕಿತ್ತು, ಅದನ್ನು ಬೆಳಕಿಗೆ ಹಿಡಿದು, "ಇದು ಸತ್ತು ಒಂದು ವರ್ಷವಾದರೂ ಆಗಿದೆ," ಎಂದರು. ದೊಡ್ಡಮಾದಯ್ಯ ಸತ್ತೂ ಅಷ್ಟೇ ಆಗಿತ್ತು.

ಸಂಜೆ ಮನೆಗೆ ಬಂದರೆ ಸಣ್ಣತಾಯಮ್ಮ ಬಾಟಲಿ ಹಿಡಿದು ನಡುಮನೆಯಲ್ಲಿ ಕೂತಿದ್ದಳು. ತಿಪ್ಪೆಗೆ ಸುರಿಯೋಣವೆಂದು ಆಗಷ್ಟೇ ಇಳಿಸಿದ್ದಳಂತೆ. ಮುಚ್ಚಳದ ಸೀಲು ಒಡೆದಿರಲಿಲ್ಲ. ಒಳಗೆ ಒಂದು ತೊಟ್ಟೂ ಇರಲಿಲ್ಲ.

"ನಾನಲ್ಲ ಕಣವ್ವ," ಅಂದ ಮಾದೇಶ, ಡಾಕ್ಟರು ಇಟ್ಟ ಹತ್ತಿ ಕಚ್ಚಿಕೊಂಡೇ.

ಅವಳು ಹದಿನೈದು ವರ್ಷ ದಿನಾ ಸಂಜೆ ಮಾಡಿದ ಹಾಗೆಯೇ ಅವನ ಗಲ್ಲ ಹಿಡಿದು ಬಾಯಿ ಮೂಸಿದಳು. ಒಂದು ಸಲ ಮೂಸಿದ್ದು ಸಾಲದೆ ಇನ್ನೊಂದು ಸಲ ಮೂಸಿದಳು.

"ಬರೀ ನೆತ್ರು ಕಣಪ್ಪ," ಎಂದವಳೇ ಅವನ ಎದೆಗೊರಗಿ ಅತ್ತುಬಿಟ್ಟಳು.

ಅಟ್ಟದ ಮೇಲೆ ಯಾರೋ ಹೊಟ್ಟೆತುಂಬಾ ಕುಡಿದು ತೇಗಿದ ಸದ್ದಾಯಿತು. ತಾಯಿ ಮಗ ಇಬ್ಬರೂ ತಲೆಯೆತ್ತಿ ನೋಡಲಿಲ್ಲ.