ಕೈಗುಣ

ಕಾಪಿಗಳು ಒಂದರ ಹಿಂದೊಂದು ಸರಸರನೆ ಹೊರಬಂದು ಬಿದ್ದವು. ರಿಪೇರಿಗೆ ಬಂದು ಝೆರಾಕ್ಸ್ ಮಷಿನ್ನಿನ ಬಗಲಿಗೆ ಮಂಡಿಯೂರಿ ಕೂತಿದ್ದ ಗೌತಮಿಗೆ ಅದನ್ನು ನೋಡಿ ಎದೆ ಭಾರವಾಯಿತು. ಇವತ್ತೂ ಅದು ಅವಳ ಕಣ್ಣೆದುರು ಕೆಡಲಿಲ್ಲ.

"ಮತ್ತ ಅದ ಕಥಿ ನೋಡ್ರಿ," ಎಂದ ಹೆಡ್ ಕ್ಲರ್ಕ್ ನಾಗಲಿಂಗ. "ನೀವು ಬಂದ್ರ ಭಾಳ ಶಾಣ್ಯಾ ಆಗ್ತೈತಿ. ನೀವು ಬಸ್ ಹತ್ತೂದ ತಡ, ಕಾಗದ ಸಿಕ್ಕೈತಿ ಅಂತ ನಿಂದರ್ತೈತಿ. ತೆರದು ನೋಡಿದ್ರ ಒಳಗ ಏನೂ ಇರೂದಿಲ್ಲ."

ಹುನಗುಂದದ ಈ ಸಹಕಾರಿ ಸಂಘದ ಕಚೇರಿಗೆ ಅವಳು ಬಾಗಲಕೋಟೆಯಿಂದ ಬರುತ್ತಿರುವುದು ಇದು ಮೂರನೇ ಸಲ. ರೋಲರ್ ಬದಲಿಸಿದ್ದಳು, ಸೆನ್ಸರ್ ಒರೆಸಿದ್ದಳು. ಈ ಸಲವೂ ಆಗದಿದ್ದರೆ ಬೇರೆಯವರನ್ನು ಕಳಿಸುತ್ತೇನೆ, ನೀನು ಇಲ್ಲೇ ಫೋನ್ ಎತ್ತಿಕೊಂಡಿರು ಎಂದಿದ್ದ ಸರ್ವಿಸ್ ಸೆಂಟರಿನ ಮಾಲೀಕ ದೀಪಕ. ಊರೂರು ತಿರುಗಿ, ಕೆಟ್ಟದ್ದನ್ನು ಬಿಚ್ಚಿ ಕೂರುವ ಈ ಕೆಲಸವೆಂದರೆ ಅವಳಿಗೆ ಪ್ರಾಣ.

ನಾಗಲಿಂಗ ದನಿ ತಗ್ಗಿಸಿದ. "ತಪ್ಪ ತಿಳ್ಕೋಬ್ಯಾಡ್ರಿ. ನಾ ಮಾಡಿದ್ರ ಬರೋಬ್ಬರಿ ಬರ್ತಾವು. ಸುನಂದಾ ಅಕ್ಕಾರು ಮುಟ್ಟಿದ್ರಷ್ಟ ನಿಂದರ್ತೈತಿ. ಕೈಗುಣ ಅಂತಾರಲ್ಲ..."

ಸುನಂದಾ ಎರಡು ಮೇಜಿನಾಚೆ ಕೂತಿದ್ದಳು. ಅವಳ ಗಂಡ ಕಾಶಪ್ಪ ಇದೇ ಕಚೇರಿಯಲ್ಲಿದ್ದವನು. ಅವನು ತೀರಿಕೊಂಡ ಮೇಲೆ ಅವನ ಜಾಗಕ್ಕೆ ಅವಳನ್ನು ತೆಗೆದುಕೊಂಡಿದ್ದರು. ಮಾತು ಅವಳಿಗೂ ಕೇಳಿಸಿತ್ತೆಂಬುದು ಬಗ್ಗಿದ ಕತ್ತಿನಿಂದಲೇ ತಿಳಿಯುತ್ತಿತ್ತು.

ಗೌತಮಿ ಎದ್ದು ಅವಳ ಹತ್ತಿರ ಹೋದಳು. "ಅಕ್ಕಾ, ಒಂದೀಟು ನೀವ ಮಾಡ್ರಿ. ನಾ ನೋಡ್ತೇನಿ."

"ಬ್ಯಾಡವ್ವಾ. ನಾ ಅದರ ಹಂತೇಕ ಹೋಗೂದ ಬಿಟ್ಟೇನಿ. ಖರೇನ ನನ್ನ ಕೈಯಾಗ ಏನರ ಐತೋ ಏನೋ. ಮನ್ಯಾಗ ಹಾಲಿಗೆ ಹೆಪ್ಪು ಹಾಕಾಕೂ ಅಂಜಿಕಿ ಬರಾಕತ್ತೈತಿ."

ಗೌತಮಿಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. "ನನ್ನ ಸಲುವಾಗಿ ಬರ್ರಿ. ಅದು ಕೆಡೂದ ಬೇಕಾಗೇದ ನನಗ."

ಸುನಂದಾ ಎದ್ದು ಬಂದು ಎಂದಿನಂತೆ ಮಷಿನ್ನಿನ ಆಚೆ ಬದಿಗೆ, ಗೋಡೆಗೆ ಒತ್ತಿ ನಿಂತಳು. ಗೌತಮಿ ಮತ್ತೆ ಕಿಟಕಿಯ ಕಡೆ ಮಂಡಿಯೂರಿದಳು. ಸುನಂದಾ ಬಟನ್ ಒತ್ತಿದಾಗ ಕಾಪಿಗಳು ತಕರಾರಿಲ್ಲದೆ ಬಂದವು. ಅವಳು ಬೆರಗಾಗಿ ನೋಡುತ್ತಿದ್ದಳು. ಅಷ್ಟರಲ್ಲಿ ಜವಾನ ಚಾಂದಸಾಬ ಚಹಾ ತಂದ. ತೆಗೆದುಕೊಳ್ಳಲು ಗೌತಮಿ ಎದ್ದು ಅತ್ತ ಸರಿದಳು. ಮಷಿನ್ ಟೀಂ ಎಂದು ಕೂಗಿ ನಿಂತುಬಿಟ್ಟಿತು.

ಕೈ ಸುಟ್ಟುಕೊಂಡವಳಂತೆ ಹಿಂದೆಳೆದುಕೊಂಡಳು ಸುನಂದಾ. "ಹೇಳಿದ್ನಿಲ್ಲವ್ವಾ ನಾ?"

ಗೌತಮಿ ಚಹಾ ಹಿಡಿದಂತೆಯೇ ತಾನು ಕೂತಿದ್ದ ಜಾಗವನ್ನು ನೋಡಿದಳು. ಅಲ್ಲೀಗ ಬಿಸಿಲಿತ್ತು. ಕಿಟಕಿಯಿಂದ ಬಂದ ಬಿಸಿಲಿನ ಪಟ್ಟಿ ಮಷಿನ್ನಿನ ಬಗಲಿಗೆ ಹತ್ತಿ, ಕವರಿನ ಚೂರು ಮುರಿದಿದ್ದ ಕಡೆಯಿಂದ ನೇರ ಒಳಗೆ ಹೋಗಿತ್ತು. ಅಲ್ಲೇ ಒಳಗೆ, ಕಾಗದ ಬಂತೋ ಹೋಯಿತೋ ಎಂದು ಬೆಳಕಿನಿಂದಲೇ ಗುರುತಿಸುವ ಸೆನ್ಸರಿನ ಸಣ್ಣ ಕಣ್ಣಿತ್ತು.

ಚಹಾ ಕೆಳಗಿಟ್ಟು ಆ ಸಂದಿಗೆ ಅಂಗೈ ಅಡ್ಡ ಹಿಡಿದಳು. "ಒತ್ರಿ ಅಕ್ಕಾ." ಕಾಪಿ ಬಂತು. ಅಂಗೈ ತೆಗೆದಳು. ನಿಂತಿತು. ಮತ್ತೆ ಹಿಡಿದಳು, ಬಂತು.

"ಬಿಸಲಿಗೆ ಇದರ ಕಣ್ಣು ಕುಕ್ಕತದ ಅಷ್ಟ," ಎಂದಳು ಗೌತಮಿ, ನಗು ತಡೆಯಲಾಗದೆ. "ನಾ ರಿಪೇರಿಗೆ ಕೂಡೂದು ಇಲ್ಲೇ. ನನ್ನ ಮೈಯ ಅಡ್ಡ ಆಗ್ತಿತ್ತು. ನಾಗಲಿಂಗ ಅವರ, ನೀವೂ ಕಿಟಕಿ ಕಡೆನ ನಿಂತು ಮಾಡ್ತೀರೇನ್ರಿ?"

ನಾಗಲಿಂಗ ಬಗ್ಗಿ ಸಂದಿಯನ್ನು ನೋಡಿದ, ಕಿಟಕಿಯನ್ನು ನೋಡಿದ. ಆಮೇಲೆ ಸುನಂದಾಳ ಕಡೆ ತಿರುಗಿದ. "ಹೌದು, ನಾ ಇಲ್ಲೇ ನಿಂದರ್ತೇನಿ... ಅಕ್ಕಾರ, ನನ್ನ ಬಾಯಿ ಭಾಳ ಹರೀತು. ಹೊಟ್ಟ್ಯಾಗ ಹಾಕ್ಕೊಳ್ರಿ."

ಸುನಂದಾ ತಾನೇ ಬಗ್ಗಿ ಆ ಸಂದಿಗೆ ಅಂಗೈ ಅಡ್ಡ ಹಿಡಿದು ನೋಡಿದಳು. ಗೌತಮಿ ಕಪ್ಪು ಟೇಪು ಅಂಟಿಸಿ, ಹೊಸ ಕವರ್ ಬೇಕೆಂದು ದೀಪಕನಿಗೆ ಫೋನ್ ಮಾಡಿ, ಆದದ್ದನ್ನು ಹೇಳಿದಳು. ಅವನು ಜೋರಾಗಿ ನಕ್ಕು, "ನಾಳೆ ಕೆರೂರಿಗೆ ನೀನ ಹೋಗು. ಅಲ್ಲೊಂದು ಹಿಂಗ ಕಾಡಾಕತ್ತೈತಿ," ಎಂದ.

ಅವಳು ಚೀಲ ಕಟ್ಟಿಕೊಳ್ಳುವಾಗ ಬಿಸಿಲು ಇನ್ನೂ ಮಷಿನ್ನಿನ ಮೇಲೆಯೇ ಇತ್ತು. ಸುನಂದಾ ತಾನೇ ತೆಗೆದ, ಬಿಸಿ ಆರದ ಹಾಳೆಗಳನ್ನು ಜೋಡಿಸಿ, ಕೌಂಟರಿನ ಸಂದಿಯಿಂದ ಹೊರಗೆ ಬಗ್ಗಿ ಕೂಗಿದಳು. "ಸಾವಂತ್ರವ್ವ ಅನ್ನಾವ್ರು ಯಾರ್ರಿ? ಬರ್ರಿ, ಆದ್ವು ನಿಮ್ಮವು."

ಬೇವಿನ ನೆರಳಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಮೊಣಕಾಲಿಗೆ ಕೈಯೂರಿ ಎದ್ದು, ಸೀರೆಯ ಮಣ್ಣು ಕೊಡವಿಕೊಂಡಳು. ಅವಳು ಕೌಂಟರು ತಲುಪುವಷ್ಟರಲ್ಲಿ ಸುನಂದಾ ಮುಂದಿನವರ ಕಾಗದವನ್ನು ಗಾಜಿನ ಮೇಲಿಟ್ಟು, ಅಂಚು ಸರಿಮಾಡುತ್ತಿದ್ದಳು.