ಗೂಡಿನ ಆಜ್ಞೆ

ಎಡ್ಜ್‌ವೇರಿನ ಆ ಮೂರನೇ ಮಹಡಿಯ ಫ್ಲ್ಯಾಟಿನ ಬಾಗಿಲು ತೆರೆದು ಸುವರ್ಣಾ ಒಳಗೆ ಕಾಲಿಟ್ಟಳೋ ಇಲ್ಲವೋ, ಏಲಿಯಾಸಜ್ಜ ತುಟಿಯ ಮೇಲೆ ಬೆರಳಿಟ್ಟುಕೊಂಡ.

"ಸಪ್ಪಳ ಮಾಡಬ್ಯಾಡವಾ. ಬಾಣಂತಿ ಕುಂತಾಳ."

"ಯಾರ ಬಾಣಂತಿ ಅಜ್ಜಾರ? ನಿಮ್ಮ ಮನ್ಯಾಗ?"

ಅಜ್ಜ ಬಾಲ್ಕನಿಯ ಗಾಜಿನ ಕದದ ಕಡೆ ಗದ್ದ ಎತ್ತಿ ತೋರಿಸಿದ. ಹೋದ ವರ್ಷ ಒಣಗಿಹೋಗಿದ್ದ ಗಿಡದ ಕುಂಡದ ಹಿಂದೆ ಒಂದು ಪಾರಿವಾಳ ಮೈ ಉಬ್ಬಿಸಿಕೊಂಡು ಕೂತಿತ್ತು. ನಾಲ್ಕಾರು ಕಡ್ಡಿ, ಒಂದು ಪ್ಲಾಸ್ಟಿಕ್ ದಾರ, ಅಷ್ಟರಲ್ಲೇ ಅದರ ಸಂಸಾರ.

ಸುವರ್ಣಾ ವಿಜಯಪುರದವಳು. ಈ ಪರದೇಶಕ್ಕೆ ಬಂದು ಹೇಸ್‌ನಲ್ಲಿ ಇನ್ನೂ ಮೂವರ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದು, ಬಸ್ಸು ಬದಲಿಸಿ ಬದಲಿಸಿ ಮುದುಕರ ಮನೆಗಳಿಗೆ ಹೋಗಿ, ಮೈ ತೊಳೆಸಿ, ಮಾತ್ರೆ ಕೊಟ್ಟು ಬರುವ ಕೆಲಸ. ಈ ಮನೆಗೆ ಬಂದ ಮೊದಲ ದಿನ ಅಜ್ಜನ ಕಾಲುಚೀಲ ಎಳೆಯುತ್ತ, "ಎಷ್ಟ ಬಾತಾವಪಾ ಈ ಕಾಲು" ಎಂದು ತನ್ನಷ್ಟಕ್ಕೆ ಅಂದುಕೊಂಡಿದ್ದಳು. "ಬಾತಾವ ಖರೆ, ಆದ್ರ ಇನ್ನೂ ನನ್ನವ ಅದಾವ" ಎಂದು ಮೇಲಿನಿಂದ ಅಚ್ಚ ಹುಬ್ಬಳ್ಳಿ ಕನ್ನಡ ಬಿದ್ದಾಗ ಅವಳು ಕೂತಲ್ಲೇ ಬೆಚ್ಚಿದ್ದಳು.

ಏಲಿಯಾಸ ರೋಹೇಕರ ಯಹೂದಿ. ಕೊಂಕಣದ ಕಡಲ ದಂಡೆಯಲ್ಲಿ ಎಷ್ಟೋ ತಲೆಮಾರು ಎಣ್ಣೆಗಾಣ ಹೂಡಿ ಬದುಕಿದ ಮಂದಿಯ ಪೈಕಿ. ಅವರಿಗೆ ತಮ್ಮ ಶಾಸ್ತ್ರ, ತಮ್ಮ ಭಾಷೆ ಮರೆತೇಹೋಗಿತ್ತಂತೆ. ಶನಿವಾರ ಗಾಣ ಹೂಡಬಾರದೆಂಬುದು ಮಾತ್ರ ಮರೆತಿರಲಿಲ್ಲವಂತೆ. ಅಜ್ಜನ ತಂದೆ ರೈಲ್ವೆ ನೌಕರಿಗೆಂದು ಹುಬ್ಬಳ್ಳಿಗೆ ಬಂದ. ಅಜ್ಜ ಅಲ್ಲೇ ಹುಟ್ಟಿ, ಅಲ್ಲೇ ಓದಿ, ಪ್ರಾಯದಲ್ಲಿ ಇಲ್ಲಿಗೆ ಬಂದು ನೆಲೆನಿಂತ.

"ಇವತ್ತ ನೀ ನನಗ ಒಂದು ಉಪಕಾರ ಮಾಡಬೇಕು," ಎಂದ ಅಜ್ಜ. "ನನ್ನ ಹಿಡಕೊಂಡು ಅಲ್ಲೀತನಕ ನಡಸು. ಆ ತಾಯೀನ ನಾನು ಕಳಸಬೇಕು."

"ಎಲ್ಲಿಗೆ?"

"ಎಲ್ಲಿಗರೆ ಹೋಗಲಿ. ತೋರಾದಾಗ, ನಮ್ಮ ಶಾಸ್ತ್ರದಾಗ, ಹುಕುಮ್ ಐತಿ. ದಾರ್‍ಯಾಗ ಗೂಡು ಕಂಡ್ರ, ತಾಯಿ ತತ್ತಿ ಮ್ಯಾಲೆ ಕುಂತಿದ್ರ, ತಾಯಿ-ಮರಿ ಕೂಡೇ ಹಿಡೀಬಾರದು. ಮೊದಲ ತಾಯೀನ ಕಳಸಬೇಕು. ಆಮ್ಯಾಲೆ ತತ್ತಿ ತಗೋಬೇಕು."

"ತಗೊಂಡು? ಆಮ್ಲೆಟ್ ಮಾಡ್ತೀರೇನು?"

"ಏ ಹುಚ್ಚಿ! ಕೈಯಾಗ ಎತ್ತಿ ತಿರಗಿ ಇಟ್ರ ಆತು. ಹಗಲಿನ್ಯಾಗ ಗಂಡು ಕುಂಡ್ರತೈತಿ, ಇಳಿಹೊತ್ತಿಗೆ ಹೆಣ್ಣು ಬರತೈತಿ. ಅದಕ್ಕ ನಿನ್ನ ದಾರಿ ಕಾಯಕೋತ ಕುಂತೀನಿ. ಗಂಡನ್ನ ಓಡಿಸಿದ್ರ ಲೆಕ್ಕಕ್ಕಿಲ್ಲ."

"ಗಂಡಸರನ್ನ ಯಾಕ ಓಡಸಬೇಕ್ರಿ, ತಾವಾ ಹೋಗ್ತಾರ," ಎಂದಳು ಸುವರ್ಣಾ. ಅಂದ ಮೇಲೆ ಮಣ್ಣಾದ ಗಂಡನ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಅವಳಿಗೆ ಇವತ್ತು ಯಾವ ಮಾತೂ ರುಚಿಸುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಭಾವ ಮತ್ತು ಅವನ ಹೆಂಡತಿ, ನೆಗೆಣ್ಣಿ ನೀಲವ್ವ, ಒಳ್ಳೆಯ ಮಾತಿನಲ್ಲೇ ಅವಳನ್ನು ಇಲ್ಲಿಗೆ ಕಳಿಸಿದ್ದರು. "ಹೋಗು, ನಾಕು ಕಾಸು ಕಾಣು, ಸ್ಫೂರ್ತಿ ನಮ್ಮ ಕೂಸೂ ಹೌದಲ್ಲ" ಎಂದಿದ್ದರು. ಮಗಳಿಗೆ ಆಗ ಎರಡು ವರ್ಷ. ವರ್ಷದೊಳಗೆ ಕರೆಸಿಕೊಳ್ಳುತ್ತೇನೆಂದು ಬಂದವಳಿಗೆ ಗೊತ್ತಾದದ್ದು, ಈ ಕೆಲಸದ ವೀಸಾದ ಮೇಲೆ ಬಂದವರು ಮಕ್ಕಳನ್ನು ಕರೆತರುವ ಹಾಗಿಲ್ಲ ಎಂದು. ಕಾನೂನು ಬದಲಾದೀತೆಂದು ಕಾದಳು. ಸೌತ್‌ಹಾಲಿನ ವಕೀಲನ ಮೆಟ್ಟಿಲು ಹತ್ತಿ ಇಳಿದಳು. ಬಿಟ್ಟು ಹೋಗೋಣವೆಂದರೆ, ಅಲ್ಲಿ ಮಗಳ ಹೊಟ್ಟೆ-ಬಟ್ಟೆ ನಡೆಯುತ್ತಿದ್ದುದೇ ಇಲ್ಲಿಂದ ಹೋಗುವ ಹಣದ ಮೇಲೆ.

ನಿನ್ನೆ ನೀಲವ್ವ ಫೋನಿನಲ್ಲಿ ಮಾತು ಎತ್ತಿದ್ದಳು. "ತಂಗೀ, ಬ್ಯಾಸರ ಮಾಡ್ಕೋಬ್ಯಾಡ. ನೀ ಫೋನ್ ಮಾಡಿದ ದಿನ ಕೂಸು ರಾತ್ರಿ ಹಾಸಿಗಿ ತೋಯಿಸ್ಕೋತೈತಿ. ಬೆಳಗ್ಗೆ ಎದ್ದು 'ನನ್ನ ಅವ್ವ ಯಾರು' ಅಂತೈತಿ. ನಾ ಏನ ಹೇಳಲಿ? ಬರೂ ಸೋಮವಾರ ಮಠದಾಗ ಆಕಿಗೆ ಲಿಂಗ ಕಟ್ಟಿಸೂದೈತಿ. ಅಪ್ಪ-ಅವ್ವ ತೊಡಿ ಮ್ಯಾಲೆ ಕುಂಡ್ರಿಸ್ಕೋಬೇಕು. ಅವತ್ತ ಆಕೀನ ನನ್ನ ಮಗಳಂತ ನನ್ನ ಉಡ್ಯಾಗ ಹಾಕಿಬಿಡು. ಒಂದಷ್ಟು ದಿನ ಫೋನೂ ಬ್ಯಾಡ. ಕೂಸು ಒಂದು ಕಡೆ ನೆಲಿ ನಿಲ್ಲಲಿ. ನೀ ಬ್ಯಾಡ ಅಂದ್ರ ನಾ ಜುಲುಮಿ ಮಾಡಂಗಿಲ್ಲ. ನಾಳೆ ಹೇಳು."

ನಾಳೆ ಎಂದರೆ ಇವತ್ತು.

ಅಜ್ಜನ ಬಗಲಿಗೆ ಕೈಕೊಟ್ಟು ಎಬ್ಬಿಸುತ್ತ ಸುವರ್ಣಾ ಕೇಳಿದಳು: "ಕರುಣೆ ಇದ್ರ ತಾಯೀನ, ತತ್ತೀನ ಎರಡೂ ಬಿಟ್ಟು ತನ್ನ ಹಾದಿ ಹಿಡೀಬಾರದೇನ್ರಿ? ಇದೆಂಥಾ ಆಜ್ಞೆ?"

"ನಮ್ಮಪ್ಪ ಕರುಣೆ ಅಂತಿದ್ದ. ಮರಿ ಹೋಗೂದು ತಾಯಿ ಕಣ್ಣಿಗೆ ಬೀಳಬಾರದಲ್ಲ, ಅದಕ್ಕ. ಇಲ್ಲಿ ಬಂದ ಮ್ಯಾಲೆ ಒಬ್ಬ ಪಂಡಿತರು ಹೇಳಿದ್ರು, ಹಂಗ ಅನ್ನಬಾರದಂತ. 'ದೇವರ ಕರುಣೆ ಹಕ್ಕಿಗೂಡಿನತನಕ ಐತಿ' ಅಂತ ಪ್ರಾರ್ಥನೆ ಮಾಡಾಂವನ ಬಾಯಿ ಮುಚ್ಚಸಬೇಕಂತ. ಹುಕುಮ್ ಅಂದ್ರ ಹುಕುಮ್."

"ಮತ್ತ ನೀವ್ಯಾಕ ಮಾಡ್ತೀರಿ?"

ಅಜ್ಜ ವಾಕರ್ ಹಿಡಿದು ನಿಂತ.

"ನಮ್ಮ ಆರುನೂರಾ ಹದಿಮೂರು ಹುಕುಮಿನ್ಯಾಗ ಎರಡಕ್ಕ ಒಂದಾ ಫಲ ಹೇಳೈತಿ. ಅಪ್ಪ-ಅವ್ವನ್ನ ಗೌರವಿಸಿದ್ರ ಆಯುಷ್ಯ ಉದ್ದ. ಗೂಡಿನ ತಾಯೀನ ಕಳಿಸಿದ್ರ ಆಯುಷ್ಯ ಉದ್ದ. ನನ್ನ ಮಗ ಡೇವಿಡ್, ಅವ್ವ ಸಾಯೂತನಕ ಆಕೀನ ಎತ್ತಿ ಇಳಿಸಿ ಮಾಡಿದ. ಆಮ್ಯಾಲೆ ನನ್ನ ಮಾಡಿದ. ನಲವತ್ತು ತುಂಬಲಿಲ್ಲ, ಹೋದ. ಒಂದು ಸುಳ್ಳಾತು. ಎರಡನೇದ್ದು ನೋಡೂಣಂತ. ನನಗ ಆಯುಷ್ಯ ಬ್ಯಾಡವಾ. ದೇವರಿಗೆ ಇನ್ನೊಂದು ಅವಕಾಶ ಕೊಡಬೇಕು ಅನಸೈತಿ."

ಸುವರ್ಣಾ ಗಾಜಿನ ಕದ ಸರಿಸಿದಳು. ಏಪ್ರಿಲ್ಲಿನ ತಣ್ಣನೆಯ ಗಾಳಿ ಒಳಗೆ ನುಗ್ಗಿತು.

ಅಜ್ಜ ಬಾಗಿ ಅಂಗೈ ಬೀಸಿದ. ಹಕ್ಕಿ ಕದಲಲಿಲ್ಲ. ಕೊರಳು ಉಬ್ಬಿಸಿ ಗುಟುರು ಹಾಕಿತು. ಮತ್ತೆ ಬೀಸಿದಾಗ ಪಟಪಟನೆ ರೆಕ್ಕೆ ಬಡಿದು ಕಂಬಿಯ ಮೇಲೆ ಕೂತಿತು. ಅಜ್ಜನ ಕೈ ತತ್ತಿಯ ಹತ್ತಿರ ಹೋಗುವಷ್ಟರಲ್ಲಿ ತಿರುಗಿ ಗೂಡಿಗೇ ಬಂತು.

"ಬಿಡ್ರಿ ಅಜ್ಜಾರ, ಪಾಪ."

"ಬಿಡೂ ಹಂಗಿಲ್ಲ. ತಿರಗಿ ಬಂದ್ರ ತಿರಗಿ ಕಳಸಬೇಕು. ನೂರು ಸಲ ಬಂದ್ರೂ ಕಳಸಬೇಕಂತ ಐತಿ."

ಸುವರ್ಣಾಳಿಗೆ ಹೋದ ದೀಪಾವಳಿ ಕಣ್ಣಿಗೆ ಕಟ್ಟಿತು. ಹದಿನೈದು ದಿನದ ರಜೆಗೆ ಊರಿಗೆ ಹೋಗಿದ್ದಳು. ಸ್ಫೂರ್ತಿ ನೀಲವ್ವನ ಸೀರೆಯ ನೆರಿಗೆ ಹಿಡಿದು ಹಿಂದೆ ನಿಂತು ನೋಡಿತ್ತು. ಮಗು ಸುವರ್ಣಾಳ ಮಗ್ಗುಲಲ್ಲಿ ಮಲಗತೊಡಗಿದ್ದೇ ಕೊನೆಯ ಎರಡು ದಿನ. ಮೂರನೆಯ ದಿನ ಭಾವನೇ ಅವಳನ್ನು ಗಾಡಿ ಹತ್ತಿಸಿದ್ದ.

ಅವಳು ಹಿಂದಿನಿಂದ ಅಜ್ಜನ ನಡು ಹಿಡಿದು ನಿಂತಳು. ಆತ ಮತ್ತೆ ಬೀಸಿದ, ಹಕ್ಕಿ ಹೋಯಿತು, ಬಂತು. ಕಡೆಗೊಮ್ಮೆ ಆತ ಸಿಟ್ಟಿನಲ್ಲಿ ವಾಕರನ್ನೇ ನೆಲಕ್ಕೆ ಕುಟ್ಟಿದ. ಹಕ್ಕಿ ಹಾರಿ ರಸ್ತೆಯಾಚೆಯ ಮನೆಯ ಹೆಂಚಿನ ಮೇಲೆ ಕೂತಿತು. ಅಜ್ಜ ಎರಡೂ ತತ್ತಿಗಳನ್ನು ಎತ್ತಿದ. ಕೈಜಾರಿ ಬಿದ್ದಾವೆಂದು ಸುವರ್ಣಾ ತನ್ನ ಎಡಗೈ ಚಾಚಿದಳು. ದಿನವೂ ನಸುಕಿನಲ್ಲಿ ಲಿಂಗ ಇಟ್ಟು ಕಣ್ಣು ನೆಡುವ ಅಂಗೈ ಅದು. ಅದರ ಮೇಲೆ ತತ್ತಿ ಬಂದು ಕೂತಿತು. ಜ್ವರ ಬಂದ ಕೂಸಿನ ಹಣೆಯ ಹಾಗೆ ಬಿಸಿಯಾಗಿತ್ತು. ಶಿವಾ ಅನ್ನಲು ಹೋದಳು, ಬಾಯಿಗೆ ಬರಲಿಲ್ಲ.

ತತ್ತಿಗಳನ್ನು ತಿರುಗಿ ಗೂಡಿನಲ್ಲಿಟ್ಟು ಕದ ಎಳೆದಳು. ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿದಳು. ಆತ ತನ್ನ ಕೈಯನ್ನೇ ನೋಡಿಕೊಂಡ.

"ಆತೇನ್ರಿ?"

"ಆತು." ಕೈ ಮಡಚಿಕೊಂಡು, "ಏನೂ ಆಗಲಿಲ್ಲವಾ" ಎಂದ. "ಒಂದು ಹಕ್ಕೀನ ಹೆದರಿಸಿ ಓಡಿಸಿದೆ. ಅಷ್ಟ."

ಸುವರ್ಣಾ ಚಹಾ ಮಾಡಿದಳು, ಮಾತ್ರೆ ಕೊಟ್ಟಳು. ಗಾಜಿನಾಚೆ ನೋಡಿದಳು. ಹಕ್ಕಿ ಹೆಂಚಿನ ಮೇಲಿಂದ ಅಲುಗಿರಲಿಲ್ಲ. ಕಪ್ಪು ತೊಳೆದಿಟ್ಟು ಬಂದು ನೋಡಿದರೂ ಅಲ್ಲೇ. ಗಾಳಿಗೆ ಗೂಡಿನ ಪ್ಲಾಸ್ಟಿಕ್ ದಾರ ಅಲ್ಲಾಡುತ್ತಿತ್ತು. ಆ ಬಿಳಿ ತತ್ತಿಗಳು ಬರಿಮೈಯಲ್ಲಿ ಬಿದ್ದಿದ್ದವು.

"ಅಜ್ಜಾರ, ಅವು ಎಷ್ಟೊತ್ತು ಬಿಸಿ ಇರತಾವ್ರಿ?"

"ಈ ಥಂಡ್ಯಾಗ? ಭಾಳ ಹೊತ್ತಿಲ್ಲ. ಯಾರರೆ ಬಂದು ಕುಂಡ್ರಬೇಕು."

"ತಾಯಿನ ಆಗಬೇಕಂತೇನಿಲ್ಲಲ್ರಿ?"

ಅಜ್ಜ ಅವಳ ಮುಖ ನೋಡಿದ. ಅವಳ ಮನೆಯ ವಿಷಯ ಆತನಿಗೆ ಅಷ್ಟಿಷ್ಟು ಗೊತ್ತಿತ್ತು. "ತತ್ತಿಗೆ ಅದೇನ ಗೊತ್ತಾಗತೈತೆವಾ," ಎಂದ ಮೆಲ್ಲಗೆ. "ಕಾವು ಸಿಕ್ರ ಸಾಕು ಅದಕ್ಕ."

ಸುವರ್ಣಾ ಅಡುಗೆಮನೆಗೆ ಹೋಗಿ ಸಿಂಕಿಗೆ ಬೆನ್ನು ಕೊಟ್ಟು ನಿಂತು ಫೋನ್ ಹಚ್ಚಿದಳು. ಊರಲ್ಲಿ ಅದು ರಾತ್ರಿಯೂಟದ ಹೊತ್ತು. ಒಂದೇ ಕರೆಗೆ ನೀಲವ್ವ ಎತ್ತಿದಳು, ಕಾಯುತ್ತ ಕೂತಿದ್ದಳೇನೋ.

"ಅಕ್ಕಾ, ಸೋಮವಾರ ಮಠಕ್ಕ ಹೋಗಿ ಬರ್ರಿ. ನಿಮ್ಮ ಉಡ್ಯಾಗ ಹಾಕೊಳ್ರಿ."

ಆ ಕಡೆ ನೀಲವ್ವ ಮೂಗು ಸೇದಿದ ಸದ್ದು. "ಸಿಟ್ಟಿನಾಗ ಅನ್ನಾಕತ್ತಿಲ್ಲ ಹೌದಲ್ಲ ತಂಗೀ?"

"ಇಲ್ರಿ."

"ನೀ ನನಗ ಶಾಪ ಹಾಕಿದ್ರೂ ನಡೀತೈತಿ. ಆಕಿಗೆ ಮಾತ್ರ..."

"ಅಕ್ಕಾ, ನಾ ಯಾಕ ಶಾಪ ಹಾಕಲಿ? ಆಕೀನ ಬೆಚ್ಚಗ ಇಟ್ಕೊಳ್ರಿ, ಅಷ್ಟ."

"ಮಾತಾಡ್ತಿಯೇನು? ಇಲ್ಲೇ ಊಟಕ್ಕ ಕುಂತಾಳ. ಇದೊಂದು ಸಲ ಮಾತಾಡವಾ."

ಸುವರ್ಣಾಳ ಗಂಟಲಿನವರೆಗೆ ಬಂದದ್ದು ಹೂಂ ಎಂಬ ಮಾತೇ. ಅಷ್ಟರಲ್ಲಿ ದೂರದಿಂದ, ತಟ್ಟೆಗೆ ಬೆರಳು ತಾಗುವ ಸದ್ದಿನ ನಡುವೆ, ಆ ದನಿ ಕೇಳಿಸಿತು: "ಅವ್ವಾ! ಅವ್ವಾ ಮೊಸರು!"

ಇವಳು ಇಲ್ಲಿ, ಎಡ್ಜ್‌ವೇರಿನ ಅಡುಗೆಮನೆಯಲ್ಲಿ, ಓ ಎಂದು ಬಾಯಿ ತೆರೆದಿದ್ದಳು.

"ಹಲೋ? ತಂಗೀ? ಕೊಡ್ಲೇನು ಆಕಿ ಕೈಯಾಗ?"

"ಬ್ಯಾಡ ಅಕ್ಕಾ," ಎಂದಳು ಸುವರ್ಣಾ. "ಮೊದಲ ಮೊಸರು ಹಾಕ್ರಿ. ಕೇಳಾಕತ್ತಾಳ ನೋಡ್ರಿ."